ಬೇಸಿಗೆ ರಜೆಗೆ ಒಂದು ಕೆಲಸ, ಒಂದು ಹವ್ಯಾಸ: ಬೆಂಗಳೂರಿನ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ರಜೆ ಮುಗಿದು ಕಾಲೇಜು ತೆರೆದ ಮೊದಲ ವಾರ ತರಗತಿಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: "ರಜೆಯಲ್ಲಿ ಏನು ಮಾಡಿದ್ರಿ?" ಉತ್ತರಗಳೂ ವರ್ಷ ವರ್ಷ ಅವೇ. ಗಿಟಾರ್ ಕೊಂಡೆ ಸಾರ್, ಒಂದು ತಂತಿ ಹೋಯ್ತು, ಹಾಗೇ ಇಟ್ಟಿದ್ದೀನಿ. ಕೆಲಸಕ್ಕೆ ಸೇರಿದ್ದೆ, ಒಂಬತ್ತು ದಿನಕ್ಕೆ ಬಿಟ್ಟೆ, ದುಡ್ಡು ಬರಲಿಲ್ಲ. ಮನೇಲೇ ಇದ್ದೆ ಸಾರ್, ಹೇಗೆ ಹೋಯ್ತೋ ಗೊತ್ತಾಗಲಿಲ್ಲ.

ಇವರಲ್ಲಿ ಸೋಮಾರಿಗಳು ಕಡಿಮೆ. ಹೆಚ್ಚಿನವರು ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದವರು. ಗಿಟಾರ್ ಕೊಂಡ ಮೇಲೆ ದಿನ ಎಣಿಸುತ್ತಾರೆ, ಕೆಲಸ ಮಾಡಿದ ಮೇಲೆ ಸಂಬಳ ಕೇಳುತ್ತಾರೆ. ಅದಕ್ಕೇ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಗೋಡೆ ಕ್ಯಾಲೆಂಡರ್, ಕೆಂಪು ಪೆನ್ನು, ನೂರು ಪುಟದ ನೋಟ್‌ಬುಕ್, ಮತ್ತೆ ಹಂತ 3ರಲ್ಲಿ ಹೇಳಿರುವ ಕಾಗದಪತ್ರ.

ಹಂತ 1: ಕೈಯಲ್ಲಿರುವ ದಿನ ಎಷ್ಟು, ಎಣಿಸಿ

ಕ್ಯಾಲೆಂಡರ್ ಕೆಳಗಿಳಿಸಿ ಏಪ್ರಿಲ್, ಮೇ ಪುಟ ತೆಗೆಯಿರಿ. ಸಿಇಟಿ ಬರೆಯುವವರು ಆ ದಿನಗಳನ್ನೂ ಅದಕ್ಕೆ ಓದುವ ದಿನಗಳನ್ನೂ ಕೆಂಪಲ್ಲಿ ಹೊಡೆದುಹಾಕಿ. ಪಿಯುನಲ್ಲಿ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇರುವುದರಿಂದ, ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವ ಯೋಚನೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಊರ ಜಾತ್ರೆ, ಅಜ್ಜಿ ಮನೆ, ಚಿಕ್ಕಪ್ಪನ ಮಗಳ ಮದುವೆ. ಮದುವೆ ಎಂದರೆ ಒಂದು ದಿನ ಎಂದು ಬರೆಯಬೇಡಿ. ಚಪ್ಪರದಿಂದ ಬೀಗರೂಟದವರೆಗೆ ನಾಲ್ಕು ದಿನ ಹೋಗುತ್ತದೆ, ಪ್ರಯಾಣ ಬೇರೆ.

ಅರವತ್ತು ದಿನ ಎಂದುಕೊಂಡದ್ದು ಸಾಮಾನ್ಯವಾಗಿ ಮೂವತ್ತೈದು, ನಲವತ್ತಕ್ಕೆ ಇಳಿಯುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ಉಳಿದರೆ ತಿಂಗಳ ಸಂಬಳದ ಕೆಲಸ ಹುಡುಕಲೇಬೇಡಿ, ದಿನಗೂಲಿಯ ಬಿಡಿ ಕೆಲಸ ಸಾಕು. ಮಾಲೀಕರಿಗೆ ಕೋಪ ಬರಿಸುವುದು ನಿಮ್ಮ ರಜೆಯಲ್ಲ, ಮುಂಚೆ ಹೇಳದೆ ಹಾಕಿದ ರಜೆ.

ಹಂತ 2: ಮನೆಯವರ ಜೊತೆ ಮಾತು

ಬೇಸಿಗೆಯನ್ನು ನುಂಗುವ ವಾಕ್ಯ ಒಂದಿದೆ: "ಹೇಗೂ ಮನೇಲೇ ಇದ್ದೀಯಲ್ಲ." ಸಿಲಿಂಡರ್ ಬರುತ್ತೆ, ಮನೇಲೇ ಇದ್ದೀಯಲ್ಲ. ನೀರಿನ ಟ್ಯಾಂಕರ್‌ನವನಿಗೆ ಗೇಟು ತೆಗಿ, ತಂಗಿಯನ್ನು ಶಿಬಿರದಿಂದ ಕರ್ಕೊಂಡು ಬಾ, ಅತ್ತೆ ಬರ್ತಾರೆ ಮೆಜೆಸ್ಟಿಕ್‌ಗೆ ಹೋಗು. ಇದರಲ್ಲಿ ತಪ್ಪೇನಿಲ್ಲ, ಮನೆ ಎಂದ ಮೇಲೆ ಮಾಡಬೇಕಾದ್ದೇ. ಆದರೆ ಹೊತ್ತು ಗೊತ್ತಿಲ್ಲದ ಮನೆಗೆಲಸದ ಜೊತೆ ಹೊರಗಿನ ಕೆಲಸ ನಡೆಯುವುದಿಲ್ಲ.

ಹಾಗಾಗಿ ನೀವೇ ಮುಂಚೆ ಹೇಳಿ: "ಅಮ್ಮ, ಬೆಳಗ್ಗೆ ಎಂಟರಿಂದ ಹತ್ತು ನಾನು ನಿನ್ನ ಕೈಗೆ. ಹಾಲು, ತರಕಾರಿ, ಪಾತ್ರೆ, ಏನಿದ್ರೂ ಹೇಳು. ಹನ್ನೊಂದರಿಂದ ನಾಲ್ಕು ಮಾತ್ರ ನನ್ನನ್ನ ಕರೀಬೇಡ." ಮೊದಲ ವಾರ ಎಂಟು ಗಂಟೆಗೆ ನೀವಾಗಿಯೇ ಎದ್ದು ಬಂದರೆ ಅಮ್ಮ ಈ ಒಪ್ಪಂದವನ್ನು ನಂಬುತ್ತಾರೆ. ಎರಡು ದಿನ ಹತ್ತು ಗಂಟೆವರೆಗೆ ಮಲಗಿದರೆ ಮುಗಿಯಿತು, ಮತ್ತೆ ಮಾತಾಡಲು ನಿಮಗೆ ಬಾಯಿರುವುದಿಲ್ಲ.

ಹಂತ 3: ಕಾಗದಪತ್ರ

ಮೊಬೈಲ್ ನಂಬರ್ ಜೋಡಣೆಯಾದ ಆಧಾರ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಕಾಲೇಜಿನ ಗುರುತಿನ ಚೀಟಿ, ಒಂದು ಪುಟದ ಬಯೋಡೇಟಾ. 18 ತುಂಬಿದ್ದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಆಧಾರ್ ಮೂಲಕ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ, ಸೈಬರ್ ಸೆಂಟರ್‌ನವರಿಗೆ ದುಡ್ಡು ಕೊಡಬೇಕಿಲ್ಲ. ತೆರಿಗೆ ಕಡಿತ ಅನ್ವಯವಾಗುವ ಕೆಲಸದಲ್ಲಿ ಪ್ಯಾನ್ ಕೊಡದಿದ್ದರೆ ಕಂಪನಿಯವರು ಶೇ 20ರಷ್ಟು ಹಿಡಿದುಕೊಳ್ಳಬೇಕಾಗುತ್ತದೆ.

ವಯಸ್ಸಿನ ವಿಚಾರ ಹಗುರವಾಗಿ ತೆಗೆದುಕೊಳ್ಳಬೇಡಿ. 14 ತುಂಬದ ಮಕ್ಕಳನ್ನು ಅಂಗಡಿ, ಹೋಟೆಲ್‌ಗಳಲ್ಲಿ ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಗೇರ್ ಇರುವ ಬೈಕಿಗೆ ಪರವಾನಗಿ 18ಕ್ಕೇ. ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಜೊತೆಗೆ 3 ವರ್ಷದವರೆಗೆ ಜೈಲು ಎಂದು ಕಾಯ್ದೆಯಲ್ಲಿದೆ. ಅದು ಬೀಳುವುದು ಪೋಷಕರ ಅಥವಾ ಗಾಡಿ ಮಾಲೀಕರ ತಲೆಗೆ. "ಅಣ್ಣನ ಐಡಿಯಲ್ಲಿ ಡೆಲಿವರಿ ಮಾಡ್ತೀನಿ" ಎನ್ನುವವರು ಇದನ್ನು ಅಣ್ಣನಿಗೂ ಓದಿ ಹೇಳಿ.

ಹಂತ 4: ಕೆಲಸ ಆರಿಸುವುದು

ಮೊದಲ ಜರಡಿ ದೂರ. ಮನೆಯಿಂದ ಅರ್ಧ ಗಂಟೆಯೊಳಗೆ ಇರಬೇಕು, ನಡೆದು ಹೋಗುವಂತಿದ್ದರೆ ಉತ್ತಮ. ಲೆಕ್ಕ ಹೀಗೆ ಹಾಕಿ. ವೈಟ್‌ಫೀಲ್ಡ್‌ನಲ್ಲಿ ದಿನಕ್ಕೆ 500 ರೂಪಾಯಿ ಎನ್ನುತ್ತಾರೆ, ನೀವಿರುವುದು ರಾಜಾಜಿನಗರದಲ್ಲಿ ಎಂದಿಟ್ಟುಕೊಳ್ಳಿ. ಹೋಗಿ ಬರುವುದಕ್ಕೆ 130, ಊಟ ಕಾಫಿಗೆ 120. ಉಳಿಯುವುದು 250. ಎಂಟು ಗಂಟೆ ಕೆಲಸ, ಮೂರು ಗಂಟೆ ದಾರಿ. ಗಂಟೆಗೆ 23 ರೂಪಾಯಿ ಕೂಡ ಬರಲಿಲ್ಲ. ಮನೆ ಹತ್ತಿರದ ಅಂಗಡಿಯಲ್ಲಿ ಐದು ಗಂಟೆಗೆ 300 ಸಿಕ್ಕರೆ, ಮಧ್ಯಾಹ್ನ ಮನೆ ಊಟ ಉಂಡರೆ, ಗಂಟೆಗೆ 60. ದೊಡ್ಡ ಮೊತ್ತ ನೋಡಿ ಮರುಳಾಗುವ ಮುನ್ನ ನೋಟ್‌ಬುಕ್‌ನಲ್ಲಿ ಈ ಭಾಗಾಕಾರ ಮಾಡಿ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಿಎಂಟಿಸಿ ಬಸ್ ಉಚಿತವಾದ್ದರಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಎಸಿ ಬಸ್‌ಗೆ ಅದು ಅನ್ವಯಿಸುವುದಿಲ್ಲ, ಮತ್ತೆ ದಾರಿಯ ಹೊತ್ತು ಯಾರಿಗೂ ಉಚಿತವಲ್ಲ.

ಪುಸ್ತಕ, ಯೂನಿಫಾರ್ಮ್ ಅಂಗಡಿ. ಶಾಲೆಗಳು ಮೇ ಕೊನೆ, ಜೂನ್ ಮೊದಲಲ್ಲಿ ತೆರೆಯುತ್ತವೆ. ಅದಕ್ಕೂ ಮುಂಚಿನ ಮೂರು ವಾರ ಅವೆನ್ಯೂ ರೋಡ್, ಗಾಂಧಿ ಬಜಾರ್, ಮಲ್ಲೇಶ್ವರ ಎಲ್ಲೇ ಆಗಲಿ ಸ್ಟೇಷನರಿ ಅಂಗಡಿಯವರಿಗೆ ಕೈ ಸಾಲದು. ಓದು ಬರಹ ಬಲ್ಲ, ಪಟ್ಟಿ ನೋಡಿ ಪುಸ್ತಕ ಜೋಡಿಸಿಕೊಡುವ ಹುಡುಗ ಹುಡುಗಿಯರೇ ಅವರಿಗೆ ಬೇಕು. ಇದರದ್ದೇ ಮನೆಯೊಳಗಿನ ರೂಪ ಬೈಂಡ್ ಹಾಕುವುದು. ಅಪಾರ್ಟ್‌ಮೆಂಟಿನಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಎಷ್ಟಿಲ್ಲ! ಒಂದು ಮಗುವಿನ ಪುಸ್ತಕಗಳಿಗೆಲ್ಲ ಬ್ರೌನ್ ಶೀಟ್ ಹಾಕಿ, ಲೇಬಲ್ ಅಂಟಿಸಿ, ಅಂದವಾಗಿ ಹೆಸರು ಬರೆದುಕೊಟ್ಟರೆ ಒಂದು ಪುಸ್ತಕಕ್ಕೆ ಇಷ್ಟು ಎಂದು ಸಂತೋಷವಾಗಿ ಕೊಡುತ್ತಾರೆ. ಮಾಮೂಲಿ ತಪ್ಪು: ಶೀಟನ್ನು ಬಿಗಿಯಾಗಿ ಎಳೆದು ಮಡಚುವುದು. ಪುಸ್ತಕ ಮುಚ್ಚಿಟ್ಟುಕೊಂಡೇ ಅಳತೆ ಹಿಡಿಯಿರಿ, ಇಲ್ಲದಿದ್ದರೆ ರಟ್ಟು ಬಾಗಿಕೊಳ್ಳುತ್ತದೆ.

ಕನ್ನಡ ಕಲಿಸುವುದು. ನನ್ನ ಪ್ರಕಾರ ಈ ಊರಿನಲ್ಲಿ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅರೆಕಾಲಿಕ ಕೆಲಸ ಇಲ್ಲ, ಆದರೂ ಯಾರಿಗೂ ಹೊಳೆಯುವುದಿಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೆ ಅಕ್ಷರ ಬೇಡ, ಬಾಯಿಮಾತು ಬೇಕು. "ಅ ಆ ಇ ಈ"ಯಿಂದ ಶುರು ಮಾಡಿದವರ ಶಿಷ್ಯರು ಮೂರನೇ ದಿನ ಬರುವುದಿಲ್ಲ. ಆಟೋದಲ್ಲಿ ಐದು ವಾಕ್ಯ, ತರಕಾರಿ ಗಾಡಿ ಮುಂದೆ ಐದು, ಮನೆಗೆಲಸದವರ ಜೊತೆ ಐದು, ವಾಚ್‌ಮನ್ ಜೊತೆ ಐದು. "ಸ್ವಲ್ಪ", "ಸಾಕು", "ಆಮೇಲೆ", "ಗೊತ್ತಿಲ್ಲ", "ಬಿಡಿ" ಈ ಐದು ಪದ ಮೊದಲ ದಿನವೇ ಕೊಟ್ಟುಬಿಡಿ. "ನೀನು", "ನೀವು" ವ್ಯತ್ಯಾಸ ಎರಡನೇ ದಿನ ಹೇಳಿ, ಇಲ್ಲದಿದ್ದರೆ ಪಕ್ಕದ ಮನೆ ತಾತನಿಗೆ "ಬಾ, ಕೂತ್ಕೋ" ಎಂದು ಬಂದು ನಿಮ್ಮ ಹೆಸರು ಹೇಳುತ್ತಾರೆ. ಹನ್ನೆರಡು ತರಗತಿಯ ಒಂದು ಕಂತು ಮಾಡಿ, ನಾಲ್ಕು ತರಗತಿಯ ಹಣ ಮುಂಚೆಯೇ ಪಡೆಯಿರಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಪರಿಚಯದವರಿಂದ ಒಂದು ಸಂದೇಶ ಹಾಕಿಸಿದರೆ ಮೊದಲ ಇಬ್ಬರು ಸಿಗುತ್ತಾರೆ. ಪಾಠ ಕ್ಲಬ್‌ಹೌಸ್‌ನಲ್ಲೋ ಪಾರ್ಕಿನ ಬೆಂಚಿನ ಮೇಲೋ ನಡೆಯಲಿ, ಗುರುತಿಲ್ಲದವರ ಮನೆಯೊಳಗೆ ಬೇಡ.

ಛತ್ರದಲ್ಲಿ ಬಡಿಸುವ ಕೆಲಸ. ದಿನ ಕಡಿಮೆ ಇರುವವರಿಗೆ ಇದು ಸರಿ. ಅಡುಗೆ ಕಂಟ್ರಾಕ್ಟರ್‌ಗಳು ಮುಹೂರ್ತ ಹೆಚ್ಚಿರುವ ದಿನ ಹುಡುಗರನ್ನು ಹುಡುಕುತ್ತಲೇ ಇರುತ್ತಾರೆ. ಪಂಚಾಂಗ ನೋಡಿಕೊಳ್ಳಿ. ಅಧಿಕ ಮಾಸ ಬಂದರೆ ಮದುವೆಗಳೇ ಇಲ್ಲ, 2026ರಲ್ಲಿ ಅದು ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಬರುತ್ತದೆ. ಒದ್ದೆ ನೆಲದ ಮೇಲೆ ಬಿಸಿ ಸಾರಿನ ಬಕೆಟ್ ಹಿಡಿದು ಓಡಾಡುವ ಕೆಲಸ ಇದು, ಜಾರದ ಚಪ್ಪಲಿ ಹಾಕಿಕೊಳ್ಳಿ. ಕೂಲಿ ಅದೇ ದಿನ ಕೈಗೆ ಬರಬೇಕು. ಆರತಕ್ಷತೆ ಊಟ ಮುಗಿದು ಪಾತ್ರೆ ಎತ್ತುವ ಹೊತ್ತಿಗೆ ಕೊನೆಯ ಮೆಟ್ರೋ ಹೋಗಿಬಿಟ್ಟಿರುತ್ತದೆ. ವಾಪಸ್ ಹೋಗುವ ವ್ಯವಸ್ಥೆ ಯಾರದ್ದು ಎಂದು ಬೆಳಗ್ಗೆಯೇ ಕೇಳಿ.

ಪುಟ್ಟ ಮಕ್ಕಳ ಟ್ಯೂಷನ್, ಬೇಸಿಗೆ ಶಿಬಿರದಲ್ಲಿ ಸಹಾಯಕ, ಕನ್ನಡ ಡಿಟಿಪಿ (ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಪುಟ ಜೋಡಿಸುವುದು) ಇವೂ ಇವೆ. ಡಿಟಿಪಿಗೆ ನುಡಿ ತಂತ್ರಾಂಶದ ಹಳೇ ಅಕ್ಷರವಿನ್ಯಾಸ ಮತ್ತು ಮೊಬೈಲ್, ಜಾಲತಾಣಗಳಲ್ಲಿ ಬಳಸುವ ಯೂನಿಕೋಡ್ ಎರಡೂ ಬರಬೇಕು, ಒಂದು ಗೊತ್ತಿದ್ದು ಇನ್ನೊಂದು ಗೊತ್ತಿಲ್ಲದವರು ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಂತ 5: ಹೋಗಿ ಕೇಳುವುದು

ಅಂಗಡಿಗೆ ಬೋಣಿ ಆಗುವ ಮುನ್ನ ಹೋಗಬೇಡಿ. ಸಂಜೆ ಗಿರಾಕಿ ತುಂಬಿರುವಾಗಲೂ ಬೇಡ. ಬೆಳಗ್ಗೆ ಹನ್ನೊಂದೂವರೆಯ ಹೊತ್ತು, ವಾರದ ನಡುವೆ, ಒಬ್ಬರೇ ಹೋಗಿ. ಮೂವರು ಗೆಳೆಯರು ಒಟ್ಟಿಗೆ ನಿಂತರೆ ಮಾಲೀಕರಿಗೆ ಕಾಣುವುದು ಹರಟೆ.

ಮಾತು ಚಿಕ್ಕದಾಗಿರಲಿ: "ಅಣ್ಣ, ನಾನು ಇಲ್ಲೇ ನಾಲ್ಕನೇ ಕ್ರಾಸ್‌ನವನು, ಬಿ.ಕಾಂ ಓದ್ತಿದ್ದೀನಿ. ಏಪ್ರಿಲ್ 20ರಿಂದ ಮೇ 31ರ ತನಕ ಭಾನುವಾರ ಬಿಟ್ಟು ದಿನಾ ಹನ್ನೊಂದರಿಂದ ನಾಲ್ಕು ಬರ್ತೀನಿ. ಮೇ 8ರಿಂದ 11ರ ತನಕ ಮಾತ್ರ ಊರಲ್ಲಿ ಮದುವೆ, ಬರಕ್ಕಾಗಲ್ಲ." ಹಂತ 1 ಮಾಡಿದವರಿಗೆ ಮಾತ್ರ ಈ ಕೊನೆಯ ವಾಕ್ಯ ಹೇಳಲು ಆಗುವುದು. ನನಗೆ ತಿಳಿದ ಅಂಗಡಿಯವರೆಲ್ಲ ಈ ವಾಕ್ಯಕ್ಕೇ ಸೋಲುತ್ತಾರೆ. ಹತ್ತು ಕಡೆ ಕೇಳಿದರೆ ಎಂಟು ಕಡೆ "ಬೇಡಪ್ಪ" ಬರುತ್ತದೆ, ನೋಟ್‌ಬುಕ್‌ನಲ್ಲಿ ಗೀಟು ಹಾಕಿ ಮುಂದಿನ ಅಂಗಡಿಗೆ ನಡೆಯಿರಿ.

ಹಂತ 6: ಮಾತು ಪಕ್ಕಾ ಮಾಡಿಕೊಳ್ಳುವುದು, ಮೋಸ ಗುರುತಿಸುವುದು

ನಾನು ಪಿಯುನಲ್ಲಿದ್ದಾಗ ಒಂದು ಅಂಗಡಿಯಲ್ಲಿ ಮೂವತ್ತೊಂದು ದಿನ ದುಡಿದೆ. ಸಂಬಳದ ಮಾತು ಎತ್ತಿದಾಗೆಲ್ಲ "ನೋಡ್ಕೊಂಡು ಕೊಡೋಣ ಬಿಡಪ್ಪ" ಎನ್ನುತ್ತಿದ್ದರು. ಕೊನೆಗೆ ನೋಡಿಕೊಂಡು ಕೊಟ್ಟದ್ದು ಒಂದು ಡಬ್ಬಿ ಮೈಸೂರ್ ಪಾಕ್ ಮತ್ತು 300 ರೂಪಾಯಿ. ಕೂಲಿ ಎಷ್ಟೆಂದು ನಾನೂ ಬಾಯಿ ಬಿಟ್ಟು ಕೇಳಿರಲಿಲ್ಲ. ಅಂದಿನಿಂದ "ನೋಡ್ಕೊಂಡು ಕೊಡ್ತೀನಿ" ಎಂಬುದನ್ನು "ಕೊಡಲ್ಲ" ಎಂದೇ ಓದಿಕೊಳ್ಳುತ್ತೇನೆ.

ಒಪ್ಪಿಕೊಂಡ ದಿನ ಸಂಜೆಯೇ ಮಾಲೀಕರಿಗೆ ಒಂದು ವಾಟ್ಸಾಪ್ ಕಳಿಸಿ: "ಅಣ್ಣ, ನಾಳೆಯಿಂದ ಬರ್ತೀನಿ. ಹನ್ನೊಂದರಿಂದ ನಾಲ್ಕು, ದಿನಕ್ಕೆ 300, ಶನಿವಾರ ಶನಿವಾರ ಪೇಮೆಂಟ್ ಅಂದ್ರಿ. ಸರಿನಾ?" ಅವರು ಹೆಬ್ಬೆರಳು ಒತ್ತಿ ಕಳಿಸಿದರೂ ಸಾಕು, ಸ್ಕ್ರೀನ್‌ಶಾಟ್ ತೆಗೆದಿಡಿ. ತಿಂಗಳ ಕೊನೆಗೆ ಬೇಡ, ವಾರಕ್ಕೊಮ್ಮೆ ಪಡೆಯಿರಿ. ಕೈತಪ್ಪಿದರೂ ಒಂದು ವಾರದ್ದು ಮಾತ್ರ ಹೋಗುತ್ತದೆ.

ಮೊಬೈಲ್‌ನಲ್ಲಿ ತಾನಾಗಿ ಬರುವ ಕೆಲಸಗಳ ವಿಷಯ ಬೇರೆ. ಈ ಲಕ್ಷಣ ಕಂಡ ತಕ್ಷಣ ನಿಲ್ಲಿಸಿ:

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಐಡಿ ಕಾರ್ಡ್ ಶುಲ್ಕ ಎಂದು ಮೊದಲು ನಿಮ್ಮಿಂದಲೇ ದುಡ್ಡು ಕೇಳುವುದು. ಕೂಲಿಯ ದಾರಿ ಅವರ ಜೇಬಿನಿಂದ ನಿಮ್ಮ ಜೇಬಿಗೆ.

ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ರೇಟಿಂಗ್ ಕೊಡಿ ಎಂದು ಮೊದಲ ದಿನ 150, 200 ನಿಜವಾಗಿಯೂ ಹಾಕುವುದು. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ "ಪ್ರೀಪೇಯ್ಡ್ ಟಾಸ್ಕ್" ಎನ್ನುತ್ತಾರೆ, ಅಂದರೆ ಮೊದಲು ನೀವೇ ದುಡ್ಡು ಕಟ್ಟಿ ಮಾಡುವ ಕೆಲಸ. ಆ 150 ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಮನೆಯಲ್ಲೇ ಡೇಟಾ ಎಂಟ್ರಿ ಎಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ವಾರದ ನಂತರ "ನಿಮ್ಮ ಕೆಲಸದಲ್ಲಿ ತಪ್ಪು ಹೆಚ್ಚು, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟಿಗೆ" ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸುವುದು. ಮಕ್ಕಳು ಹೆದರಿ ಮನೆಯಲ್ಲೂ ಹೇಳದೆ ಕಟ್ಟಿಬಿಡುತ್ತಾರೆ. ಕಟ್ಟಬೇಡಿ, ಅಪ್ಪ ಅಮ್ಮನಿಗೆ ತೋರಿಸಿ.

"ನಿನ್ನ ಖಾತೆಗೆ ದುಡ್ಡು ಬರುತ್ತೆ, ಕಮಿಷನ್ ಇಟ್ಕೊಂಡು ಮುಂದೆ ಕಳ್ಸು" ಎನ್ನುವುದು. ಎಲ್ಲಕ್ಕಿಂತ ಅಪಾಯಕಾರಿ ಇದೇ. ಬರುವುದು ಇನ್ಯಾರಿಗೋ ಮೋಸ ಮಾಡಿದ ಹಣ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರದ್ದೋ ಅವರ ಮನೆಗೆ.

ಮೂಲ ಅಂಕಪಟ್ಟಿ ಇಟ್ಟು ಹೋಗಿ ಎನ್ನುವುದು. ನಕಲು ಪ್ರತಿ ಮಾತ್ರ ಕೊಡಿ.

ಇನ್ನೊಂದು: ಹಣ ಬರಲು ಯುಪಿಐ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದರೆ ಹಣ ಮುಂದಕ್ಕೆ ಸಾಗುವ ಮುನ್ನ ಖಾತೆಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ನಾಚಿಕೆಪಟ್ಟುಕೊಂಡು ಎರಡು ದಿನ ಸುಮ್ಮನಿದ್ದರೆ ಅದೂ ಇಲ್ಲ.

ಹಂತ 7: ಒಂದೇ ಹವ್ಯಾಸ, ಮೊದಲ ಹತ್ತು ದಿನ ಎರವಲು ಸಾಮಾನಿನಲ್ಲಿ

ಕೆಲಸದ ಹೊತ್ತು ಗೊತ್ತಾದ ಮೇಲೆ ಹವ್ಯಾಸ ಆರಿಸಿ, ಅದಕ್ಕೆ ಮುಂಚೆ ಬೇಡ. ಬಳೇಪೇಟೆಗೆ ಹೋಗಿ ವಾದ್ಯ ಕೊಳ್ಳುವ ಆಸೆ ಇದ್ದರೆ ಮೊದಲು ಹತ್ತು ದಿನ ಯಾರದ್ದಾದರೂ ತಂದು ನುಡಿಸಿ. ಹನ್ನೊಂದನೇ ದಿನವೂ ಕೈ ಅತ್ತ ಹೋದರೆ ಕೊಳ್ಳಿ. ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಎರಡು ಹವ್ಯಾಸಗಳನ್ನಷ್ಟೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ತಾರಸಿಯಲ್ಲಿ ಸೊಪ್ಪು. ಎಲ್ಲರೂ ಕೊತ್ತಂಬರಿಯಿಂದ ಶುರು ಮಾಡಿ ಸೋಲುತ್ತಾರೆ. ಏಪ್ರಿಲ್ ಬಿಸಿಲಿಗೆ ಅದು ಬೇಗ ಹೂಬಿಟ್ಟು ಕೆಡುತ್ತದೆ. ಮೆಂತ್ಯದಿಂದ ಆರಂಭಿಸಿ, ಅಡುಗೆಮನೆ ಡಬ್ಬಿಯದ್ದೇ ಆಗುತ್ತದೆ. ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು, ತಳದಲ್ಲಿ ತೂತಿರುವ ಹಳೇ ಪೇಂಟ್ ಬಕೆಟ್‌ನಲ್ಲಿ ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ಮೇಲೆ ಚೆಲ್ಲಿ ತೆಳ್ಳಗೆ ಮಣ್ಣು ಮುಚ್ಚಿ. ಮಧ್ಯಾಹ್ನ ಹಳೇ ಕಾಟನ್ ಸೀರೆ ಕಟ್ಟಿ ನೆರಳು ಕೊಡಿ. ಮೂರು ನಾಲ್ಕು ವಾರಕ್ಕೆ ಸೊಪ್ಪು ಕೈಗೆ ಬರುತ್ತದೆ. ಎಲೆ ಹಳದಿಯಾಗಿ ಮಣ್ಣು ಮುಟ್ಟಿದರೆ ತಣ್ಣಗೆ ಅಂಟಿದರೆ ನೀರು ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುರಿಯಬೇಡಿ. ಅಕ್ಕಿ, ತರಕಾರಿ ತೊಳೆದ ನೀರನ್ನೇ ಹಾಕಿ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು, ನೆನಪಿರಲಿ.

ಎಲೆಕ್ಟ್ರಾನಿಕ್ಸ್. 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಸೋಲ್ಡರ್ ತಂತಿ, ಒಂದು ಸಾದಾ ಮಲ್ಟಿಮೀಟರ್ ಸಾಕು. ಎಸ್.ಪಿ. ರೋಡ್‌ನಲ್ಲಿ ಎಲ್ಲ ಸಿಗುತ್ತದೆ, ಭಾನುವಾರ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಡಿ. ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಬೇಡದ್ದೆಲ್ಲ ಚೀಲಕ್ಕೆ ಬೀಳುತ್ತದೆ. ಹೊಸಬರ ತಪ್ಪು ಏನೆಂದರೆ ಸೋಲ್ಡರನ್ನು ಕಾಯಿಸಿ ತೊಟ್ಟಿಕ್ಕಿಸುವುದು. ಕಾಯಿಸಬೇಕಾದ್ದು ಬೆಸೆಯುವ ಜಾಗವನ್ನು, ಸೋಲ್ಡರ್ ತಾನೇ ಹರಿದು ಕೂರುತ್ತದೆ. ಉಂಡೆಯಾಗಿ ಕೂತಿದ್ದರೆ ಬೆಸುಗೆ ಹಿಡಿದಿಲ್ಲ, ಮತ್ತೆ ಮಾಡಿ. ಕಿಟಕಿ ತೆರೆದಿರಲಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಈ ಬೇಸಿಗೆಗೆ ಬ್ಯಾಟರಿಯಲ್ಲಿ ನಡೆಯುವ ರೇಡಿಯೊ, ಗಡಿಯಾರ, ಆಟಿಕೆ ಮಾತ್ರ. ಪ್ಲಗ್‌ಗೆ ಸಿಕ್ಕಿಸುವ ಯಾವುದನ್ನೂ ಬಿಚ್ಚಬೇಡಿ.

ಹವ್ಯಾಸದಿಂದ ದುಡ್ಡು ಮಾಡುವ ಯೋಚನೆಯನ್ನು ಮೊದಲ ತಿಂಗಳು ಪಕ್ಕಕ್ಕಿಡಿ. ಕೇಕ್, ಚಕ್ಕುಲಿ ಮಾಡಿ ಮಾರುವ ಮನಸ್ಸಿದ್ದರೆ ಮನೆಯಿಂದ ಮಾರುವುದಕ್ಕೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು.

ಹಂತ 8: ದಿನಚರಿ, ಮಳೆ

ಹವ್ಯಾಸ ಬೆಳಗ್ಗೆ ಆರರಿಂದ ಎಂಟು. ರಾತ್ರಿಗೆ ಎಂದು ಇಟ್ಟುಕೊಂಡವರು ಮೊಬೈಲ್ ಹಿಡಿದು ಮಲಗುತ್ತಾರೆ, ಅನುಭವದ ಮಾತು. ಭಾನುವಾರ ಎರಡಕ್ಕೂ ರಜೆ.

ಕೆಲಸದಿಂದ ಹೊರಡುವ ನಾಲ್ಕು ಗಂಟೆ ನಮ್ಮೂರ ಮಾವಿನ ಮಳೆ ಸುರಿಯುವ ಹೊತ್ತೂ ಹೌದು. ಮೊದಲು ಗಾಳಿ, ಆಮೇಲೆ ಆಲಿಕಲ್ಲು. ಮರದ ಕೆಳಗೆ ನಿಲ್ಲಬೇಡಿ. ಗುಲ್‌ಮೊಹರ್ ನೋಡಲು ಚೆಂದ, ಕೊಂಬೆ ಬಲು ಪೆಡಸು. ನೀರು ನಿಂತ ಅಂಡರ್‌ಪಾಸ್‌ಗೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿಯ ಜೀವ ಹೋಯಿತು. ಮಳೆ ನಿಲ್ಲುವವರೆಗೆ ಅಂಗಡಿಯಲ್ಲೇ ಕೂತಿರಿ, ಮನೆಗೆ ಒಂದು ಫೋನ್ ಮಾಡಿ.

ಹಂತ 9: ಬಿಡುವ ಮುನ್ನ

ಕಾಲೇಜು ತೆರೆಯುವ ಹತ್ತು ದಿನ ಮುಂಚೆ ಮಾಲೀಕರಿಗೆ ಕೊನೆಯ ದಿನ ಯಾವುದೆಂದು ನೆನಪಿಸಿ. ಅಂಗಡಿಗೆ ಜನ ನುಗ್ಗುವುದು ಅದೇ ವಾರವಾದರೆ, ಸಂಜೆ ಎರಡು ಗಂಟೆ ಬರಲು ಆಗುತ್ತದೆಯೇ ಎಂದು ನೀವೇ ಯೋಚಿಸಿ ಹೇಳಿ. ಮುಂದಿನ ವರ್ಷ ಅವರೇ ಕರೆಯುತ್ತಾರೆ.

ಕೊನೆಯ ವಾರದ ಹಣ ಕೊನೆಯ ದಿನವೇ ಪಡೆದು ಹೊರಡಿ. "ಸೋಮವಾರ ಬಾ" ಎಂದರೆ ನಗುತ್ತಲೇ "ಇಲ್ಲೇ ಕೂತಿರ್ತೀನಿ ಅಣ್ಣ" ಎನ್ನಿ. ಲೆಟರ್‌ಹೆಡ್‌ನಲ್ಲೋ ಬಿಲ್ ಪುಸ್ತಕದ ಹಾಳೆಯಲ್ಲೋ ಯಾವ ದಿನದಿಂದ ಯಾವ ದಿನದವರೆಗೆ ಏನು ಕೆಲಸ ಮಾಡಿದಿರಿ ಎಂದು ಎರಡು ಸಾಲು ಬರೆಸಿ, ಸೀಲ್ ಒತ್ತಿಸಿಕೊಳ್ಳಿ. ಬೀಗದ ಕೈ, ಅಂಗಡಿಯ ಸಿಮ್, ಏಪ್ರನ್ ಏನಿದ್ದರೂ ಅವರ ಕೈಗೇ ಕೊಟ್ಟು, ಅಂಗಡಿಯ ವಾಟ್ಸಾಪ್ ಗುಂಪಿಗೆ ಹೇಳಿ ಹೊರಬನ್ನಿ. ಮೆಂತ್ಯದ ಬಕೆಟ್‌ಗೆ ನಾಳೆಯಿಂದ ನೀರು ಹಾಕುವವರು ಯಾರು ಎಂಬುದನ್ನೂ ಅಂದೇ ರಾತ್ರಿ ತಂಗಿಯ ಜೊತೆ ಮಾತಾಡಿಕೊಳ್ಳಿ.